ಒಣಗದ ಹೆಬ್ಬೆಟ್ಟು

ಸಂಡಿಗೆಯ ಮೂರನೇ ಸಾಲು ಬಿಡುತ್ತಿದ್ದೆ, ಕಾಗೆಯೊಂದು ಬಂದು ನನ್ನ ಮದುವೆಯ ಕಾಗದದ ಮೇಲೆ ಕೂತಿತು. ಕೈಯಲ್ಲಿದ್ದ ಸೌಟನ್ನೇ ಬೀಸಿದೆ. ಕಾಗೆಗೆ ಏನೂ ಆಗಲಿಲ್ಲ. ಸೌಟಿನಲ್ಲಿದ್ದ ಹಿಟ್ಟು ಹಾರಿ ಪಕ್ಕದ ಹಗ್ಗದ ಮೇಲಿದ್ದ ಫಕೀರವ್ವನ ಸೀರೆಗೆ ಬಿತ್ತು. ಕಾಗೆ ಕಾಲಿಗೆ ನೀಲಿ ಮೆತ್ತಿಕೊಂಡು, ಕಾಗದದ ಮೂಲೆಯಲ್ಲಿ ಎರಡು ಹೆಜ್ಜೆ ಮೂಡಿಸಿ, ಗಂಭೀರವಾಗಿ ಹಾರಿ ಹೋಯಿತು.

"ನನ್ನ ಸೀರಿ ಮ್ಯಾಲೂ ಸಂಡಗಿ ಬಿಡಾಕತ್ತೀ ಏನ್ ಬೇ ಸಂಕವ್ವಾ?" ಎಂದಳು ಫಕೀರವ್ವ. ಅವಳು ಮಾಳಿಗೆಯ ಆ ತುದಿಯಲ್ಲಿ ಕೂತು ಅರ್ಧ ಒಣಗಿದ ಸಂಡಿಗೆ ತಿರುವಿ ಹಾಕುತ್ತಿದ್ದಳು. "ಮದಿವಿ ಅಂದಕೂಡ್ಲೆ ಕಣ್ಣ ಕಾಣದಂಗ ಆತೇನು?"

"ಕಾಗಿ ಬಂದಿತ್ತು. ಕಾಗದ ತುಳೀತು."

"ತುಳೀಲಿ ಬಿಡು. ಓಣ್ಯಾಗ ಅದೊಂದರ ಸಹಿ ಆಗಿದ್ದಿಲ್ಲ."

ನಾನು ಬಗ್ಗಿ ನೋಡಿದೆ. ಓಣಿಯ ಎಲ್ಲ ಮನೆಗಳ ಸಹಿ ಒಣಗಿ ಗಟ್ಟಿಯಾಗಿ ಕೂತಿತ್ತು. ಕೆಳಗಿನ ಒಂದೇ ಒಂದು ಹೆಬ್ಬೆಟ್ಟು ಇನ್ನೂ ಹಸಿಯಾಗಿತ್ತು. ಈಗಷ್ಟೇ ಒತ್ತಿದ ಹಾಗೆ ಬಿಸಿಲಿಗೆ ಹೊಳೆಯುತ್ತಿತ್ತು. ಅದು ಫಕೀರವ್ವನದು.

ನಮ್ಮ ಊರಿನ ಮಾಳಿಗೆಗಳ ಮೇಲೆ ಬಟ್ಟೆ, ಸಂಡಿಗೆ, ಕಾಗದ ಒಟ್ಟಿಗೇ ಒಣಗುತ್ತವೆ. ಬಟ್ಟೆಗೂ ಸಂಡಿಗೆಗೂ ಬಿಸಿಲು ಸಾಕು. ಶಾಯಿಗೆ ಸಾಲದು. ಬರೆದವರ ಮನಸ್ಸು ಬರೆದದ್ದಕ್ಕೆ ಒಪ್ಪಬೇಕು, ಆಗ ಅದು ಒಣಗುತ್ತದೆ. ಕಿರಾಣಿ ಅಂಗಡಿಯ ಚೀಟಿ ಬರೆಯುತ್ತಿದ್ದಂತೆ ಒಣಗುತ್ತದೆ. ನಾದಿನಿಯನ್ನು ತೊಟ್ಟಿಲಿಗೆ ಕರೆಯುವ ಕಾಗದ ವಾರಗಟ್ಟಲೆ ತೂಗಾಡುತ್ತದೆ. ದರ್ಜಿ ಸಂಗಣ್ಣ 'ಶುಕ್ರವಾರ ಖಂಡಿತ' ಎಂದು ಬರೆದುಕೊಟ್ಟ ಚೀಟಿಗಳಿಂದ ಓಣಿಯ ಅರ್ಧ ಹೆಂಗಸರ ಸೆರಗು ನೀಲಿಯಾಗಿದೆ. ಹೆಡ್‌ಮಾಸ್ತರರು ನೌಕರಿ ಬಿಡುತ್ತೇನೆಂದು ಬರೆದ ಅರ್ಜಿ ಅವರ ಮಾಳಿಗೆಯ ದಾರದ ಮೇಲೆ ಎಷ್ಟೋ ವರ್ಷದಿಂದ ಇದೆ. ಮಳೆಗಾಲದಲ್ಲಿ ಒಳಗೆ ತರುತ್ತಾರೆ, ಚಳಿಗಾಲದಲ್ಲಿ ಹೊರಗೆ ಹಾಕುತ್ತಾರೆ. ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ. ಹಸಿ ಶಾಯಿಯನ್ನು ಬರೆದವರೇ ಒರೆಸಿದರೆ ಹೋಗುತ್ತದೆ. ಬೇರೆಯವರು ಒರೆಸಿದರೆ ಮತ್ತೆ ಮೂಡುತ್ತದೆ. ಇಷ್ಟು ತಿಳಿದುಕೊಂಡರೆ ನಮ್ಮ ಊರಲ್ಲಿ ಸುಖವಾಗಿ ಬಾಳಬಹುದು.

ನನಗೆ ಬಂದ ತೊಂದರೆ ಹೊಳೆಯ ಆಚೆ ದಂಡೆಯಿಂದ ಬಂದದ್ದು. ಅದು ಬೇರೆ ದೇಶ. ಮೋಡವಿಲ್ಲದ ದಿನ ಅಲ್ಲಿನ ಒಲೆಗಳ ಹೊಗೆ ಕಾಣುತ್ತದೆ, ಗಾಳಿ ಇತ್ತ ತಿರುಗಿದರೆ ಒಗ್ಗರಣೆಯ ವಾಸನೆಯೂ ಬರುತ್ತದೆ. ಆದರೂ ಪರದೇಶ ಪರದೇಶವೇ. ಆ ದಂಡೆಗೆ ಮದುವೆಯಾಗಿ ಹೋದವರು ಆ ದಂಡೆಯವರಾಗುತ್ತಾರೆ. ಮತ್ತೆ ಈ ಕಡೆ ಕಾಲಿಡಲು ಪರವಾನಗಿ ಬೇಕು. ಅದು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ಅಲ್ಲಿಂದ ತಿರಕಪ್ಪ ಅಂತಹ ಪರವಾನಗಿ ಪಡೆದು ಚಳಿಗಾಲಕ್ಕೊಮ್ಮೆ ಬರುತ್ತಿದ್ದ. ಪಾತ್ರೆಗಳಿಗೆ ಕಲಾಯಿ ಹಾಕುವವನು. ಬಾವಿಯ ಹತ್ತಿರದ ಬೇವಿನ ಮರದ ಕೆಳಗೆ ತಿದಿ ಹೂಡಿ ಕೂತರೆ ತಲೆ ಎತ್ತುತ್ತಿರಲಿಲ್ಲ, ಮಾತೂ ಕಡಿಮೆ. ಒಂದು ವರ್ಷ ಎಲ್ಲರ ಪಾತ್ರೆ ಬಂತು, ನನ್ನ ತಾಮ್ರದ ಬೋಗುಣಿ ಬರಲಿಲ್ಲ. ಕೇಳಲು ಹೋದೆ. ಬೋಗುಣಿ ಅವನ ಮಗ್ಗುಲಲ್ಲೇ ಇತ್ತು, ಒಳಗೆ ಮುಖ ಕಾಣುವಷ್ಟು ಬೆಳ್ಳಗೆ.

"ಇದನ್ನ ನಮ್ಮ ಮನ್ಯಾಗ ಇಟ್ಟಕೋಬೇಕು ಅಂತ ಮಾಡೀನಿ," ಎಂದ.

"ಬೋಗಾಣಿ ಬೇಕಿದ್ರ ಸಂತ್ಯಾಗ ಸಿಗತಾವ."

"ಬೋಗಾಣಿಯವ್ವ ಸಿಗಂಗಿಲ್ಲಲ್ಲ," ಎಂದು ಹೇಳಿ ತಿದಿ ಒತ್ತತೊಡಗಿದ. ಕಿವಿ ಮಾತ್ರ ಕೆಂಪಗಾಗಿದ್ದವು. ಬೆಂಕಿಯ ಝಳಕ್ಕೂ ಇರಬಹುದು ಅಂದುಕೊಂಡೆ. ಆದರೆ ಮನೆಗೆ ಬಂದ ಮೇಲೆ ನೋಡಿದರೆ ನನ್ನ ಕಿವಿಗಳೂ ಬಿಸಿಯಾಗಿದ್ದವು, ನನ್ನ ಮುಂದೆ ಯಾವ ಬೆಂಕಿಯೂ ಇರಲಿಲ್ಲ. ಮೊದಲ ಗಂಡ ತೀರಿಕೊಂಡಾಗ ನನ್ನ ತಲೆಯಲ್ಲಿ ಒಂದು ಬಿಳಿ ಕೂದಲು ಇರಲಿಲ್ಲ. ಈಗ ಹುಡುಕಿದರೆ ಒಂದು ಕರಿ ಕೂದಲು ಸಿಕ್ಕೀತು. ಇದ್ದರೆ ಇರಲಿ ಅಂದುಕೊಂಡೆ.

ಒಪ್ಪಿಗೆ ಕೊಟ್ಟದ್ದು ಸುಲಭವಾಯಿತು, ಕಾಗದ ಕೂಡಿಸುವುದು ಸುಲಭವಾಗಲಿಲ್ಲ. ಆಚೆ ದಂಡೆಯ ಮದುವೆ ಕಚೇರಿ ನಾನು ಹುಟ್ಟಿದ್ದಕ್ಕೆ ಪುರಾವೆ ಕೇಳಿತು, ಕೊಟ್ಟೆ. ಹುಟ್ಟಿದ್ದು ಸರಿ, ಈಗ ಬದುಕಿರುವುದಕ್ಕೆ ಪುರಾವೆ ಏನು ಎಂದು ಕೇಳಿತು, ಅದನ್ನೂ ಕೊಟ್ಟೆ. ಮೊದಲ ಗಂಡ ಸತ್ತಿದ್ದಕ್ಕೆ ಪುರಾವೆ ಕೇಳಿತು. ಅದು ತಲುಪಿದ ಮೇಲೆ ಇನ್ನೊಂದು ಹಾಳೆ ಕಳಿಸಿತು. ಅದರಲ್ಲಿ 'ಮೊದಲ ಗಂಡನ ಸಹಿ' ಎಂಬ ಜಾಗವಿತ್ತು.

ನಮ್ಮ ಊರಲ್ಲಿ ಕಚೇರಿಯೂ ಅಂಚೆಯೂ ಒಂದೇ ಕಟ್ಟಡ, ಎರಡಕ್ಕೂ ಗುಮಾಸ್ತ ನೀಲಕಂಠಯ್ಯನವರೇ. "ಸತ್ತಾವರ ಸಹಿ ಎಲ್ಲಿಂದ ತರ್ಲಿ ಸಾಹೇಬ್ರ?" ಎಂದು ಅವರನ್ನು ಕೇಳಿದೆ.

ಅವರು ಕನ್ನಡಕ ತೆಗೆದು ಒರೆಸಿದರು. "ಜಾಗಾ ಖಾಲಿ ಬಿಟ್ರ ತಿರುಗಿ ಕಳಸ್ತಾರ. 'ಊರಲ್ಲಿಲ್ಲ' ಅಂತ ಬರಿಯವಾ."

ಬರೆದೆ. ತಟಕ್ಕನೆ ಒಣಗಿತು. ಸುಳ್ಳೇನಲ್ಲವಲ್ಲ.

ಕೊನೆಗೆ ಬಂದದ್ದು ಈ ಅಡ್ಡಿಯಿಲ್ಲ ಪತ್ರ. ಮದುಮಗಳು ಇರುವ ಓಣಿಯ ಪ್ರತಿ ಮನೆಯ ಹಿರಿಯರೂ ಈ ಮದುವೆಗೆ ನಮ್ಮ ಅಡ್ಡಿಯಿಲ್ಲ ಎಂದು ಅದರಲ್ಲಿ ಸಹಿ ಮಾಡಬೇಕು. ಬೇರೆ ಊರಿನವರಿಗೆ ಈ ಕಾಟವಿಲ್ಲ. ನಮಗೆ ಮಾತ್ರ. ಆಚೆ ದಂಡೆಯಲ್ಲಿ ಶಾಯಿ ಎಲ್ಲರಿಗೂ ಒಂದೇ ಹೊತ್ತಿಗೆ ಒಣಗುತ್ತದಂತೆ. ಹಾಗಾಗಿ ಅವರು ತಮ್ಮ ಕಾಗದಗಳನ್ನೇ ನಂಬುವುದಿಲ್ಲ, ನಮ್ಮ ಊರಿನ ಒಣಗಿದ ಸಹಿಯನ್ನು ಕಣ್ಣು ಮುಚ್ಚಿ ನಂಬುತ್ತಾರೆ. ಕೇಳುವುದಕ್ಕೆ ಇದು ಹೆಮ್ಮೆಯ ಮಾತು. ಮನೆಮನೆ ತಿರುಗಿ ಸಹಿ ಕೇಳುವವಳಿಗೆ ಮಾತ್ರ ಕಾಲು ನೋವು.

ಪೂಜಾರಿಯ ಸಹಿ ಒಣಗಲು ಹಟ ಮಾಡಿತು. ಮದುವೆ ಆ ದಂಡೆಯಲ್ಲಾದರೂ ಹೋಳಿಗೆ ಊಟ ಈ ದಂಡೆಯಲ್ಲೂ ಹಾಕಿಸುತ್ತೇನೆ ಎಂದಾಗ, ನಾನು ಮಾತು ಮುಗಿಸುವುದರೊಳಗೆ ಒಣಗಿತು. ದರ್ಜಿ ಸಂಗಣ್ಣನದು ಅವನು ಲೇಖನಿ ಎತ್ತುವ ಮೊದಲೇ ಒಣಗಿಬಿಟ್ಟಿತು. ಅವನ ಜೀವಮಾನದಲ್ಲಿ ಅಷ್ಟು ಬೇಗ ಏನೂ ಒಣಗಿದ್ದಿಲ್ಲ. ನನಗೆ ಸ್ವಲ್ಪ ಬೇಜಾರೇ ಆಯಿತು. ಇಷ್ಟು ವರ್ಷದ ಓಣಿಯವಳು ಹೋಗುತ್ತಿದ್ದಾಳೆ ಎಂದು ಒಂದು ಗಳಿಗೆ ಹಸಿಯಾಗಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಕೊನೆಯದಾಗಿ ಫಕೀರವ್ವನ ಬಾಗಿಲಿಗೆ ಹೋದೆ. ನಮಗಿಬ್ಬರಿಗೂ ನಡುವೆ ಒಂದೇ ಗೋಡೆ, ಮೇಲೆ ಒಂದೇ ಮಾಳಿಗೆ. ಸಂಡಿಗೆ ಮಾಡಿ ಮಾರುವುದು ಇಬ್ಬರ ಕಸುಬು. ಉಪ್ಪು ಎಷ್ಟು, ಜೀರಿಗೆ ಎಷ್ಟು ಎಂದು ದಿನಾ ಜಗಳ. ಊರಲ್ಲಿ ರಾತ್ರಿ ಶಾಲೆ ತೆರೆದಾಗ ಇಬ್ಬರೂ ಒಟ್ಟಿಗೆ ಹೆಸರು ಹಚ್ಚಿದ್ದೆವು. ಲಾಟೀನಿನ ಹೊಗೆ ಕಣ್ಣಿಗೆ ಆಗುವುದಿಲ್ಲ ಎಂದು ಅವಳು ನಾಲ್ಕು ಅಕ್ಷರಕ್ಕೇ ಬಿಟ್ಟಳು. ನಾನು ಮಂದಬುದ್ಧಿಯವಳು, ಆದರೆ ಕೂತಲ್ಲಿ ಕೂರುವವಳು. ಕಲಿತೆ. ಅಂದಿನಿಂದ ಸಂಜೆ ಸಂಡಿಗೆ ತೆಗೆದ ಮೇಲೆ ಓಣಿಯ ದಾರಗಳ ಮೇಲಿನ ಹಸಿ ಕಾಗದಗಳನ್ನು ಅವಳಿಗೆ ಓದಿ ಹೇಳುವುದು ನನ್ನ ಕೆಲಸ. ನಮ್ಮಲ್ಲಿ ಅದು ತಪ್ಪಲ್ಲ. ದಾರದ ಮೇಲೆ ಹಾಕಿದ್ದು ಬಟ್ಟೆಯಾದರೇನು ಕಾಗದವಾದರೇನು, ನೋಡುವುದಕ್ಕೇ ಇರುತ್ತದೆ. "ಹೆಡ್‌ಮಾಸ್ತರದು ಇನ್ನೂ ಹಸಿ ಐತೇನು?" ಎಂದು ಅವಳು ಶುರು ಮಾಡುತ್ತಿದ್ದಳು. "ಐತಿ," ಎನ್ನುತ್ತಿದ್ದೆ. ಅಲ್ಲಿಂದ ಮುಂದೆ ಒಬ್ಬೊಬ್ಬರ ಕಾಗದಕ್ಕೂ ನಗು, ಬೈಗುಳ, ಹೊಟ್ಟೆ ಹಿಡಿದುಕೊಳ್ಳುವವರೆಗೆ.

ನಾನು ಕಾಗದ ಚಾಚಿದಾಗ ಅವಳು ಅದರ ಕಡೆ ನೋಡಲೂ ಇಲ್ಲ. "ಹೋಗು, ಹೋಗು. ಗ್ವಾಡಿ ಆ ಕಡಿಂದ ನಿನ್ನ ಗೊರಕಿ ಕೇಳೂದು ತಪ್ಪತೈತಿ," ಎಂದು ಹೆಬ್ಬೆರಳನ್ನು ಕಾಗದ ತೂತಾಗುವ ಹಾಗೆ ಒತ್ತಿದಳು.

ಅದು ಒಣಗಲಿಲ್ಲ. ಮೊದಲು ಶಾಯಿ ಕೆಟ್ಟಿದೆ ಎಂದಳು. ಆಮೇಲೆ ಹವಾ ತಂಪು ಎಂದಳು. ಆಮೇಲೆ ತನ್ನದು ಎಣ್ಣೆಗೈ ಎಂದಳು. ತಾನೇ ಒರೆಸಿ ಸೀಗೆಪುಡಿಯಿಂದ ಕೈ ತೊಳೆದು ಮತ್ತೆ ಒತ್ತಿದಳು. ಬೂದಿ ಉದುರಿಸಿದೆವು, ಹೊಟ್ಟು ಉದುರಿಸಿದೆವು, ಬೀಸಣಿಗೆ ಬೀಸಿದೆವು. ಕಾದ ಹಂಚಿನ ಮೇಲೆ ಹಿಡಿದಾಗ ಕಾಗದದ ಅಂಚು ಕರಿಯಾಯಿತು, ಹೆಬ್ಬೆಟ್ಟು ಮಾತ್ರ ಇಬ್ಬನಿ ಹನಿಯ ಹಾಗೆ ತಣ್ಣಗೆ ಕೂತಿತ್ತು. ಕಾಗೆ ತುಳಿದದ್ದು ಇದೆಲ್ಲದರ ನಂತರ.

ನಾನು ತಾಳ್ಮೆಯವಳು, ಕಾಯಬಲ್ಲೆ. ಹೊಳೆ ಕಾಯುವುದಿಲ್ಲ. ಹೊಸ ನೀರು ಬಂದು ಹೊಳೆ ಕೆಂಪಾದರೆ ಟಪಾಲು ದೋಣಿ ನಿಲ್ಲುತ್ತದೆ, ಮತ್ತೆ ಹೊರಡುವುದು ದಸರೆಗೆ. ಅಷ್ಟರಲ್ಲಿ ನಾನು ಕಳಿಸಿದ ಕಾಗದಗಳ ಅವಧಿ ಮುಗಿದು, ಹುಟ್ಟಿದ್ದರಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ರುಜುವಾತು ಮಾಡಬೇಕು. ಪತ್ರ ಈಗಲೇ ಮುಟ್ಟಿದರೆ ದಸರೆಯ ದೋಣಿಯಲ್ಲಿ ನಾನೇ ಹೋಗಬಹುದು. ತಿರಕಪ್ಪನ ಕಾಗದವೂ ಬಂದಿತ್ತು: 'ಪಾತ್ರಿ ಎಲ್ಲಾ ಬೆಳಗಿಟ್ಟೀನಿ. ನನಗೀಗ ಮೊಣಕಾಲು ನೋಯ್ತಾವ. ಲಗೂನ ಬಾ.' ಅದನ್ನು ಎಷ್ಟು ಸಲ ಓದಿದೆನೋ, ಫಕೀರವ್ವನಿಗೆ ಮಾತ್ರ ಓದಿ ಹೇಳಲಿಲ್ಲ. ಅವಳೂ ಕೇಳಲಿಲ್ಲ.

ನೀಲಕಂಠಯ್ಯನವರಿಗೆ ಕನಿಕರ ಬಂತು. "ಒಂದು ಕೆಲಸ ಮಾಡೂಣು. ಫಕೀರವ್ವನ ಮನಿ ಖಾಲಿ ಐತಿ ಅಂತ ನಾನ ಬರದಬಿಡ್ತೀನಿ," ಎಂದು ಬೇರೊಂದು ಹಾಳೆಯಲ್ಲಿ ಬರೆದೂಬಿಟ್ಟರು. ಶಾಯಿ ಹಾಳೆಯಲ್ಲಿ ನಿಲ್ಲಲಿಲ್ಲ. ಮೇಜಿನ ಮೇಲೆ ಹರಿದು, ಅಂಗಿಯ ತೋಳು ಏರಿ, ಮೊಣಕೈ ತನಕ ಹೋಯಿತು. ಅಷ್ಟರಲ್ಲಿ ಸುದ್ದಿ ಓಣಿ ಮುಟ್ಟಿ ಫಕೀರವ್ವ ಕಚೇರಿಯ ಮುಂದೆ ನಿಂತಿದ್ದಳು.

"ನನ್ನ ಮನಿ ಖಾಲಿ ಅಂತ ಬರದವರ ಯಾರು? ಹೊರಗ ಬರ್ರಿ! ಹಂಗಾರ ನಾ ಏನು ದೆವ್ವೇನು? ದೆವ್ವ ಸಂಡಗಿ ಮಾಡಿ ಕೊಟ್ಟದ್ದ ತಿಂದೀರೇನು ಇಷ್ಟು ವರ್ಷ?"

ನೀಲಕಂಠಯ್ಯನವರು ನೀಲಿ ತೋಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಹೊರಗೆ ಬಂದರು. "ತಪ್ಪಾತವಾ," ಎಂದು ತಾವೇ ಆ ಹಾಳೆ ಒರೆಸಿ ತೋರಿಸಿದರು. ಅವಳು ಹೋದ ಮೇಲೆ ಪತ್ರವನ್ನು ತಿರುವಿ ತಿರುವಿ ನೋಡಿ, ಯಾರೂ ಎಂದೂ ಓದದ ಸಣ್ಣ ಅಕ್ಷರದ ಒಂದು ಸಾಲನ್ನು ಹುಡುಕಿ ತೆಗೆದರು. 'ಅಡ್ಡಿ ಇದ್ದಲ್ಲಿ, ಅಡ್ಡಿ ಇರುವವರು ಅದನ್ನು ಸ್ವಂತ ಅಕ್ಷರದಲ್ಲಿ ಬರೆಯತಕ್ಕದ್ದು. ಮದುಮಗಳು ಕೆಳಗೆ ಉತ್ತರ ಬರೆಯತಕ್ಕದ್ದು. ಎರಡೂ ಒಣಗಿರತಕ್ಕದ್ದು.'

"ಅಡ್ಡಿ ಇದ್ರ ಮದಿವಿ ಆಗಂಗಿಲ್ಲ ಅಂತ ಐತೇನ್ರಿ?" ಎಂದು ಕೇಳಿದೆ.

ಅವರು ಮತ್ತೊಮ್ಮೆ ಓದಿದರು. "ಒಣಗಿರಬೇಕು ಅಂತಷ್ಟ ಐತಿ."

ಆ ಸಂಜೆ ಮಾಳಿಗೆಯ ಮೇಲೆ ಫಕೀರವ್ವನಿಗೆ ವಿಷಯ ಹೇಳಿದೆ. "ನಂದೇನು ಅಡ್ಡಿ ಇಲ್ಲ," ಎಂದಳು. ನಾನು ಹೆಬ್ಬೆಟ್ಟಿನ ಕಡೆ ನೋಡಿದೆ. ಅವಳೂ ನೋಡಿದಳು. ಸಂಡಿಗೆ ಬಿಡಿಸಿ ಬುಟ್ಟಿಗೆ ಹಾಕತೊಡಗಿದಳು. ಮುರಿದವು, ಚೂರಾದವು, ಒಂದನ್ನೂ ಲೆಕ್ಕಿಸಲಿಲ್ಲ.

"ನೀ ಹೋದ್ರ ಸಂಜಿಕ ಕಾಗದ ಯಾರು ಓದ್ತಾರ ನನಗ?" ಎಂದಳು ಕಡೆಗೆ. "ಸೊಸಿ ಓದ್ತಾಳ. ಔಷಧದ ಬಾಟ್ಲಿ ಓದಿದಂಗ ಓದ್ತಾಳ. ನಗಂಗಿಲ್ಲ, ಬೈಯಂಗಿಲ್ಲ. ಅದು ಓದೂದೇನು?"

"ಇದನ್ನ ಬರಿ."

"ಬರಿಯಾಕ ಬರ್ತಿದ್ರ ನಿನ್ನ ಹಂಗು ಯಾಕ ಬೇಕಿತ್ತು?"

"ಕಲಿ."

"ಈ ವಯಸ್ಸಿಗೆ?"

"ನಾ ಈ ವಯಸ್ಸಿಗೆ ಮದಿವಿ ಆಗಾಕತ್ತೀನಿ."

ಅವಳು ನಕ್ಕುಬಿಟ್ಟಳು. ನಕ್ಕ ಮೇಲೆ ಇಲ್ಲ ಎನ್ನಲು ಆಗಲಿಲ್ಲ.

ಪಾಟಿ ಹಿಡಿಯಲು ಒಪ್ಪಲಿಲ್ಲ, ತಾನೇನು ಕೂಸಲ್ಲ ಎಂದಳು. ಶಾಯಿಯನ್ನು ಕಂಡರೆ ಅವಳಿಗೆ ಮೊದಲೇ ಸಿಟ್ಟು. ಹಾಗಾಗಿ ಚಕ್ಕುಲಿ ಒರಳಿಗೆ ಸಂಡಿಗೆ ಹಿಟ್ಟು ತುಂಬಿ ಕೈಗೆ ಕೊಟ್ಟೆ. ಒದ್ದೆ ಬಟ್ಟೆಯ ಮೇಲೆ ನಾನೊಂದು ಅಕ್ಷರ ಒತ್ತುವುದು, ಪಕ್ಕದಲ್ಲಿ ಅವಳೊಂದು ಒತ್ತುವುದು. ಅವಳ ಮೊದಲ 'ಸ' ಮಲಗಿದ ಬೆಕ್ಕಿನ ಹಾಗಿತ್ತು. 'ಗ' ಚೆನ್ನಾಗಿ ಬಂತು, ಬಂತೆಂದು ಒಂದು ಸಾಲು ತುಂಬ ಅದನ್ನೇ ಒತ್ತಿದಳು. ತನ್ನ ಹೆಸರಿನ 'ಫ'ಕ್ಕೆ ಮಾತ್ರ ಬಹಳ ಬೈದಳು. "ನಮ್ಮಪ್ಪಗ ಸರಳ ಹೆಸರ ಸಿಗಲಿಲ್ಲೇನು?" ತಪ್ಪಿದ ಅಕ್ಷರಗಳನ್ನು ಮರುದಿನ ಕರಿದು ತಿನ್ನುವುದು ನಮ್ಮ ಪದ್ಧತಿಯಾಯಿತು. "ರಾತ್ರಿ ಸಾಲ್ಯಾಗ ಹಿಂಗ ಕಲಿಸಿದ್ರ ನಾ ಯಾಕ ಬಿಡ್ತಿದ್ದೆ?" ಎಂದಳು, ಬಾಯಿ ತುಂಬ 'ಹ' ಇಟ್ಟುಕೊಂಡು.

ಸರಿಯಾದವು ಬುಟ್ಟಿಯಲ್ಲಿ ಬೆರೆತು ಗಿರಾಕಿಗಳ ಮನೆಗೂ ಹೋದವು. ಒಂದು ದಿನ ದರ್ಜಿ ಸಂಗಣ್ಣನ ಹೆಂಡತಿ ಬಾಗಿಲಲ್ಲಿ ನಿಂತು, "ನಮ್ಮ ಪಾಲಿಗೆ ಬರೇ 'ನ' ಬಂದಾವು. ಹೋದ ಸಲದ 'ಬ್ಯಾ' ಭಾಳ ಗರಿಗರಿ ಇತ್ತು, ಅದು ಐತೇನು?" ಎಂದು ಕೇಳಿದಳು. ಫಕೀರವ್ವ ಅಂದು ನಡೆಯುವಾಗ ಎರಡು ಬೆರಳು ಎತ್ತರವಾಗಿದ್ದಳು.

ಹೊಳೆಯ ನೀರು ಬಣ್ಣ ತಿರುಗತೊಡಗಿತು. ಇದೇ ಕೊನೆಯ ದೋಣಿ ಎಂದು ನೀಲಕಂಠಯ್ಯನವರು ಹೇಳಿ ಕಳಿಸಿದ ಬೆಳಿಗ್ಗೆ ಫಕೀರವ್ವ ಸ್ನಾನ ಮಾಡಿ, ಹಿಟ್ಟು ಬಿದ್ದಿದ್ದ ಅದೇ ಸೀರೆಯನ್ನು ಒಗೆದು ಉಟ್ಟು, ಮಾಳಿಗೆಗೆ ಬಂದು ಕೂತಳು. ಲೇಖನಿಯನ್ನು ಚಕ್ಕುಲಿ ಒರಳು ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದಳು. ನಾನು ಬೇರೆ ಕಡೆ ಮುಖ ಮಾಡಿದೆ. ಅವಳ ಉಸಿರು ಕೇಳುತ್ತಿತ್ತು, ಲೇಖನಿಯ ಕಿರುಗುಟ್ಟುವಿಕೆ ಕೇಳುತ್ತಿತ್ತು. "ನೋಡು," ಎಂದಾಗ ತಿರುಗಿದೆ.

'ಸಂಕವ್ವ ಹೋಗೂದು ನನಗ ಬ್ಯಾಡ. ಫಕೀರವ್ವ.'

ಅಕ್ಷರಗಳು ದಪ್ಪಗೆ, ಗುಂಡಗೆ, ಕರಿಯಲು ತಯಾರಾದ ಹಾಗಿದ್ದವು. ಅವಳು ಅದರ ಮೇಲೆ ಬೆರಳೆಳೆದು ಬೆರಳನ್ನು ಬಿಸಿಲಿಗೆ ಹಿಡಿದಳು. ಏನೂ ಹತ್ತಿರಲಿಲ್ಲ.

"ಒಣಗೇತಿ," ಎಂದಳು, ತನಗೇ ನಂಬಿಕೆಯಿಲ್ಲದವಳ ಹಾಗೆ.

ಇನ್ನು ಉತ್ತರ ಬರೆಯುವ ಸರದಿ ನನ್ನದು. ಅದಕ್ಕೆ ಏನು ಯೋಚನೆ? ಬಹಳ ದಿನದಿಂದ ಮನಸ್ಸಿನಲ್ಲಿ ತಯಾರಾಗಿಯೇ ಇತ್ತು. ರಾತ್ರಿ ಶಾಲೆಯ ಮಾಸ್ತರರು ಮೆಚ್ಚುವಂತಹ ಅಕ್ಷರದಲ್ಲಿ ಬರೆದೆ: 'ವರ್ಷಕ್ಕೊಮ್ಮೆ ತಪ್ಪದೆ ಬಂದು ಹೋಗುತ್ತೇನೆ. ಚಿಂತೆ ಬೇಡ.' ಮೇಲೆ ಗಾಳಿ ಊದಿ ಕಾದೆ. ದೂರದಲ್ಲಿ ದೋಣಿಯವನು ಮೊದಲ ಸಲ ಕೊಂಬು ಊದಿದ.

ಫಕೀರವ್ವ ಬಗ್ಗಿ ಅಕ್ಷರ ಅಕ್ಷರ ಕೂಡಿಸಿ ಓದಿದಳು. ಅವಳು ತಾನಾಗಿ ಓದಿದ ಮೊದಲ ಸಾಲು ಅದು. 'ತಪ್ಪದೆ' ಎಂಬಲ್ಲಿ ಬೆರಳಿಟ್ಟಳು. ಬೆರಳು ನೀಲಿಯಾಯಿತು.

"ಯವ್ವಾ! ನಿಂದೂ ಹಸಿ!" ಎಂದು ತೊಡೆ ತಟ್ಟಿಕೊಂಡು ನಕ್ಕಳು. "ಇಷ್ಟ ದಿನಾ ನನ್ನ ಹೆಬ್ಬಟ್ಟಿಗೆ ಬೂದಿ ಹಾಕಿದ್ದೇ ಹಾಕಿದ್ದು! ತಾ ಈಗ ಬೂದಿ, ನಾ ಹಾಕ್ತೀನಿ."

ನಾನು ನಗಲಿಲ್ಲ. ಪರವಾನಗಿ ಯಾರ ಕೈಯಲ್ಲಿ ಇರುತ್ತದೆ? ತಿರಕಪ್ಪನ ಮೊಣಕಾಲಿನ ಹಾಗೆ ನನ್ನವೂ ನೋಯುವ ಕಾಲ ಬಂದರೆ? ಇಷ್ಟು ದಿನ ಬೋಗುಣಿಯ ಒಳಗಿನ ಬಿಳುಪನ್ನಷ್ಟೇ ನೋಡುತ್ತಾ ಓಡಾಡಿದ್ದೆ. ಈ ಮಾಳಿಗೆ, ಈ ನಡುಗೋಡೆ, ಜೀರಿಗೆ ಹೆಚ್ಚಾಯಿತೆಂಬ ಈ ಜಗಳ ಮುಂದೆ ಇರುವುದಿಲ್ಲ ಎಂದು ಆ ಗಳಿಗೆಯಲ್ಲಿ ಮೊದಲ ಸಲ ನನಗೆ ಹೊಳೆಯಿತು. ಕೊಂಬು ಎರಡನೇ ಸಲ ಕೂಗಿತು. ನನ್ನ ಸೆರಗಿನಿಂದಲೇ ಬರೆದದ್ದನ್ನು ಒರೆಸಿದೆ. ಮಾಸ್ತರರನ್ನು ಮರೆತು, ಬಾಯಿಗೆ ಬಂದ ಹಾಗೆ ಬರೆದೆ.

'ನನಗೂ ಬಿಟ್ಟ ಹೋಗೂದು ಬ್ಯಾಡಾಗೇತಿ. ಆದ್ರೂ ಹೋಗ್ತೀನಿ. ಸಂಕವ್ವ.'

ಲೇಖನಿಯ ಬೆನ್ನ ಹಿಂದೆಯೇ ಶಾಯಿ ಒಣಗುತ್ತಾ ಬಂತು. ಫಕೀರವ್ವ ಅದನ್ನೂ ಓದಿದಳು. ಈ ಸಲ ಗಟ್ಟಿಯಾಗಿ ಓದಲಿಲ್ಲ. ಆಮೇಲೆ ನನ್ನ ಕೈ ಹಿಡಿದು ತನ್ನ ಹೆಬ್ಬೆಟ್ಟಿನ ಮೇಲೆ ಇಟ್ಟಳು. ನನ್ನ ಬೆರಳಿಗೆ ಬರೀ ಕಾಗದ ತಾಕಿತು. ನೀಲಿ ಮಂಕಾಗಿ, ಗೆರೆಗೆರೆಯಾಗಿ ಒಣಗಿ ಕೂತಿತ್ತು. ಪಕ್ಕದ ಕಾಗೆಯ ಹೆಜ್ಜೆ ಯಾವತ್ತೋ ಒಣಗಿತ್ತು. ಅದಕ್ಕೇನು, ಅದರದು ಅಡ್ಡಿ ಇರಲಿಲ್ಲ.

ಇಬ್ಬರೂ ಸೆರಗು ಸಿಕ್ಕಿಸಿಕೊಂಡು ಕಚೇರಿಗೆ ಓಡಿದೆವು. ನೀಲಕಂಠಯ್ಯನವರು ಪತ್ರ ಓದಿ ಹುಬ್ಬೇರಿಸಿದರು. "ಒಬ್ಬಾಕಿ ಬ್ಯಾಡ ಅಂತಾಳ, ಇನ್ನೊಬ್ಬಾಕಿ ತನಗೂ ಬ್ಯಾಡ ಅಂತಾಳ. ಆ ದಂಡಿಯವರು ಇದನ್ನ ಓದಿ ಏನು ತಿಳ್ಕೋಬೇಕು?"

"ತಿಳ್ಕೊಳ್ಳೂದು ಅವರ ಕೆಲಸ," ಎಂದಳು ಫಕೀರವ್ವ. "ಒಣಗೇತಿ ಇಲ್ಲೋ, ಅದನ್ನ ನೀವು ನೋಡ್ರಿ."

ಅವರು ಪದ್ಧತಿಯಂತೆ ಹೆಬ್ಬೆರಳಿನಿಂದ ಒಂದೊಂದು ಸಾಲನ್ನೂ ಉಜ್ಜಿ ನೋಡಿದರು. ಬೆರಳು ಸ್ವಚ್ಛವಾಗಿತ್ತು. ಮಡಚಿ, ಲಕೋಟೆಗೆ ಹಾಕಿ, ಅಂಟಿಸಿ, ಮುದ್ರೆ ಒತ್ತಿದರು. ದೋಣಿ ಬಿಡುವ ಹೊತ್ತಾಗಿತ್ತು, ಚೀಲ ಆಗಲೇ ಹೊಳೆಗೆ ಹೋಗಿತ್ತು. ನಾವೇ ದಂಡೆಗೆ ಓಡಬೇಕಾಯಿತು. ಲಕೋಟೆಯನ್ನು ನನ್ನ ಕೈಗೆ ಕೊಡದೆ ಫಕೀರವ್ವ ತಾನೇ ಹಿಡಿದುಕೊಂಡಳು. ಕೆಂಪು ನೀರಿನ ಅಂಚಿನಲ್ಲಿ ನಿಂತು, ದೋಣಿಯವನು ಕೈ ಚಾಚಿದ್ದರೂ ಲೆಕ್ಕಿಸದೆ, ಮೇಲೆ ಬರೆದಿದ್ದ ಮದುಮಗನ ಹೆಸರನ್ನು ಬೆರಳಿಟ್ಟು ಓದಿದಳು. "ತಿ... ರ... ಕ... ಪ್ಪ. ಇಷ್ಟ ಹೆಸರಿನ ಗಂಡಿಗೆ ಇಷ್ಟೊಂದು ಕಾಗದೇನು?"

"ಕೊಡವಾ, ನೀರು ಏರಾಕತ್ತೈತಿ," ಎಂದ ದೋಣಿಯವನು.

"ತಡಿಯೋ." ನನ್ನ ಕಡೆ ತಿರುಗಿದಳು. "ಆ ದಂಡ್ಯಾಗ ಶಾಯಿ ಎಲ್ಲಾರದೂ ಒಣಗತೈತಂತ. ನೀ ಅಲ್ಲಿಂದ ಸುಖ ಇದ್ದೀನಿ ಅಂತ ಬರದ್ರ ಅದು ಖರೇನೋ ಸುಳ್ಳೋ ನನಗ ಹೆಂಗ ತಿಳೀಬೇಕು?"

ಇದನ್ನು ನಾನು ಯೋಚಿಸಿರಲಿಲ್ಲ. "ಸಂಡಗ್ಯಾಗ ಬರದ ಕಳಸ್ತೀನಿ. ನನ್ನ ಕೈರುಚಿ ನಿನಗ ಸುಳ್ಳ ಹೇಳಂಗಿಲ್ಲ," ಎಂದೆ.

ಅವಳು ಅದನ್ನು ಗಂಭೀರವಾಗಿ ತೂಗಿ ನೋಡಿದಳು. "ಹಂಗಾರ ಜೀರಗಿ ಕಡಿಮಿ ಹಾಕು," ಎಂದು ಹೇಳಿ, ಲಕೋಟೆಯನ್ನು ಚಾಚಿದಳು. ದೋಣಿಯವನು ಒಂದು ತುದಿ ಹಿಡಿದ. ಇನ್ನೊಂದು ತುದಿ ಅವಳ ಕೈಯಲ್ಲೇ ಇತ್ತು. ಹಗ್ಗ ಬಿಚ್ಚಿದ್ದ ದೋಣಿ ನೀರಿನ ಸೆಳೆತಕ್ಕೆ ಮೆಲ್ಲಗೆ ಜರುಗಿತು. ಅವಳೂ ಸೀರೆ ಎತ್ತಿ ಹಿಡಿದು ಮೊಣಕಾಲು ನೀರಿನ ತನಕ ಅದರ ಜೊತೆಗೇ ನಡೆದು, ಅಲ್ಲಿ ನಿಂತು, ಬೆರಳು ಬಿಟ್ಟಳು.